ನೆತ್ತಿ ಮುಚ್ಚದ ಕುಲಾವಿ

ಯಾವುದನ್ನಾದರೂ ಬಿಚ್ಚಬೇಕಾದರೆ ಅದು ಎಲ್ಲಿ ಮುಗಿಯಿತೋ ಅಲ್ಲಿಂದ ಶುರುಮಾಡಬೇಕು. ಎಲ್ಲಿ ಶುರುವಾಯಿತೋ ಆ ತುದಿ ಹಿಡಿದು ಎಳೆದರೆ ಗಂಟು ಬಿಗಿಯಾಗುತ್ತದೆಯೇ ಹೊರತು ಬಿಚ್ಚಿಕೊಳ್ಳುವುದಿಲ್ಲ. ಸಂಸಾರಕ್ಕೂ, ಸರ್ಕಾರಕ್ಕೂ, ಕೋರ್ಟಿನ ವ್ಯಾಜ್ಯಕ್ಕೂ ಇದು ಸಮಾನವಾಗಿ ಅನ್ವಯಿಸುತ್ತದೆಂದು ನನ್ನ ನಂಬಿಕೆ. ಖಚಿತವಾಗಿ ಗೊತ್ತಿರುವುದು ಸ್ವೆಟರಿನ ವಿಷಯ ಮಾತ್ರ. ಸ್ವೆಟರಿನಲ್ಲಿ ಆ ಕೊನೆಯ ತುದಿ ಕತ್ತುಪಟ್ಟಿಯ ಒಳಮಗ್ಗುಲಲ್ಲಿ, ಹಿಂದಿನ ಯಜಮಾನರ ಕೊಬ್ಬರಿ ಎಣ್ಣೆಯ ಜಿಡ್ಡು ಹಿಡಿದ ಜಾಗದಲ್ಲಿರುತ್ತದೆ.

ಹಳೆಯ ಸ್ವೆಟರು ಕೊಂಡು, ಬಿಚ್ಚಿ, ಒಗೆದು, ಮತ್ತೆ ನೂಲಿನ ಉಂಡೆ ಮಾಡುವುದು ನಮ್ಮ ಕಸುಬು. ನಾನು ಬಿಚ್ಚುವವನು, ಹೆಣೆಯುವವಳು ನನ್ನ ಹೆಂಡತಿ. ಅವಳು ಶಾಲೆ ಬಿಟ್ಟು ಎಷ್ಟೋ ಕಾಲವಾದರೂ ಬೀದಿಗೆಲ್ಲ ಟೀಚರ್, ಹೀಗಾಗಿ ನನಗೂ ಟೀಚರ್. ಮೈಸೂರಿನಲ್ಲಿ ಕೂತು ಉಣ್ಣೆಯನ್ನು ನಂಬಿಕೊಳ್ಳುವುದಕ್ಕೆ ಒಂದು ಬಗೆಯ ಎದೆಗಾರಿಕೆ ಬೇಕು. ನಮ್ಮ ಊರಿನಲ್ಲಿ ಚಳಿ ಎಂಬುದು ಹವಾಮಾನವಲ್ಲ, ಅಭಿಪ್ರಾಯ. ಧನುರ್ಮಾಸದ ಬೆಳಗಿನ ಹೊತ್ತು ಆ ಅಭಿಪ್ರಾಯ ಬಲವಾಗಿರುತ್ತದೆ. ಬಿಸಿಲೇರಿದ ಮೇಲೆ ಅದನ್ನು ಹೊಂದಿದ್ದವರೇ ಸ್ವೆಟರನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುತ್ತಾರೆ.

ಹೋದ ವರ್ಷ ದೀಪಾವಳಿ ಕಳೆದ ಮೇಲೆ ಒಬ್ಬ ಹೆಂಗಸು ನಮ್ಮ ಜಗಲಿಗೆ ಬಂದರು. ಹಣೆಯಲ್ಲಿ ವಿಭೂತಿ, ಕೈಯಲ್ಲಿ ಖಾಲಿ ಚೀಲ. ದಟ್ಟಗಳ್ಳಿಯಿಂದ ಬಂದಿದ್ದರು, ಆಮೇಲೆ ನಮ್ಮಿಬ್ಬರ ಮಾತಿನಲ್ಲಿ ಅವರು ದಟ್ಟಗಳ್ಳಿಯವರು ಎಂದೇ ಆದರು. ತಮ್ಮ ಪಕ್ಕದ ಮನೆಯ ಮಗುವಿಗೆ ಟೀಚರ್ ಹೆಣೆದಿದ್ದ ಟೋಪಿ ನೋಡಿಕೊಂಡು ಬಂದವರು.

"ನಮ್ಮ ಹುಡುಗಿ ಬಸುರಿ ಸಾರ್," ಎಂದರು. "ಡಾಕ್ಟ್ರು ಮಗು ಸ್ವಲ್ಪ ಮುಂಚೇನೇ ಆಗ್ಬೋದು, ಸಣ್ಣದಿರತ್ತೆ, ಚಳೀಲಿ ತಲೆ ಬೆಚ್ಚಗಿಡಿ ಅಂದಿದಾರೆ. ಒಂದು ಕುಲಾವಿ, ಒಂದು ಜೊತೆ ಕಾಲುಚೀಲ ಆಗ್ಬೇಕು."

ಇಷ್ಟೇನಾ ಎಂದು ನಾನು ಗೋಡೆ ಪಕ್ಕದ ಉಂಡೆಗಳ ಬುಟ್ಟಿ ಮುಂದಕ್ಕೆ ತಳ್ಳಿದೆ. ಅವರು ಬುಟ್ಟಿಯ ಕಡೆ ನೋಡಲಿಲ್ಲ.

"ಅದು ಹಾಗಲ್ಲ. ಇದಕ್ಕೆ ಮುಂಚೆ ಎರಡು ಸಲ ಆಗಿ ಉಳೀಲಿಲ್ಲ. ಅದಕ್ಕೇ ಈ ಸಲ ಒಂಚೂರೂ ಹೆಚ್ಚುಕಮ್ಮಿ ಆಗ್ಬಾರ್ದು. ಹುಟ್ಟಿದ ಮಗೂಗೆ ಹೊಸದು ಹಾಕಬಾರ್ದು, ನಿಮಗೆ ಗೊತ್ತಲ್ಲ. ಹಳೇದೇ ಆಗ್ಬೇಕು. ಅದೂ ಯಾರ್ದೋ ಹಳೇದಲ್ಲ. ಮಕ್ಕಳು ಮರಿ ಇರೋ, ತುಂಬಿದ ಮನೇದು ಆಗ್ಬೇಕು. ಪ್ಲಾಸ್ಟಿಕ್ ನೂಲು ಬೇಡ, ಎಳೇ ಚರ್ಮ ಕೆಂಪಾಗತ್ತೆ. ಮೆತ್ತಗಿರ್ಬೇಕು. ಇನ್ನೊಂದು, ಹೆರಿಗೆಗೆ ಮುಂಚೆ ಮಗೂಗೆ ಅಂತ ಏನನ್ನೂ ಮಾಡಿಡಬಾರ್ದು."

ಮದುವೆಗೆ ಗಂಡು ನೋಡುವವರೂ ಇಷ್ಟು ಷರತ್ತು ಹಾಕುವುದಿಲ್ಲ. ಆದರೆ ಅವರು ಖಾಲಿ ಚೀಲವನ್ನು ಮಡಿಸಿ, ಬಿಚ್ಚಿ, ಮತ್ತೆ ಮಡಿಸುತ್ತಿದ್ದರು. ಅದನ್ನು ನೋಡಿ ನಾನು ತಮಾಷೆಯನ್ನು ನನ್ನೊಳಗೇ ಇಟ್ಟುಕೊಂಡೆ.

"ಅಲ್ಲಮ್ಮ, ಹುಟ್ಟೋಕ್ ಮುಂಚೆ ಮಾಡಬಾರ್ದು, ಹುಟ್ಟಿದ ತಕ್ಷಣ ಬೇಕು. ಎಂಗೆ?" ಎಂದೆ.

"ಅದಕ್ಕೇ ನಿಮ್ಹತ್ರ ಬಂದದ್ದು," ಎಂದರು ಅವರು, ನಾವು ಈ ಬಗೆಯ ಸಮಸ್ಯೆಗಳಿಗೆಂದೇ ಬೋರ್ಡು ಹಾಕಿಕೊಂಡು ಕೂತಿರುವಂತೆ.

ಹಳೆಯ ನೂಲಿನಲ್ಲಿ ಹೊಸದಾಗಿ ಹೆಣೆದ ಕುಲಾವಿ ಹಳೆಯದೋ ಹೊಸದೋ ಎಂಬ ಘನವಾದ ಪ್ರಶ್ನೆ ನಮ್ಮ ಜಗಲಿಯಲ್ಲಿ ಹೀಗೆ ಎದ್ದಿತು. ಪಂಡಿತರ ಸಭೆ ಕರೆಯುವ ಪ್ರಮೇಯ ಬರಲಿಲ್ಲ. ಒಳಗೆ ಅಕ್ಕಿ ಆರಿಸುತ್ತಿದ್ದ ಟೀಚರ್ ಮೊರದ ಸಮೇತ ಹೊರಬಂದು ತೀರ್ಪು ಕೊಟ್ಟಳು.

"ನೂಲು ಹಳೇದು. ಹೆಣೆಯೋ ಕೈ ಇನ್ನೂ ಹಳೇದು. ಇದರಲ್ಲಿ ಹೊಸದೇನು ಬಂತು?"

"ಮುಂಚೇನೇ ಮಾಡಿಡೋದು?"

"ಕುಲಾವೀನ ಅಂಚಿಂದ ಮೇಲಕ್ಕೆ ಹೆಣ್ಕೊಂಡ್ ಹೋಗ್ತೀವಿ. ಕೊನೇಲಿ ನೆತ್ತಿ ಹತ್ರ ಉಳಿದ ಕುಣಿಕೆಗಳಿಗೆಲ್ಲ ನೂಲು ಪೋಣಿಸಿ ಎಳೆದು ಮುಚ್ಚಬೇಕು. ಮುಚ್ಚೋವರೆಗೂ ಅದು ಕುಲಾವಿ ಅಲ್ಲ, ಬರೀ ಕೊಳವೆ. ನೀವು ಫೋನ್ ಮಾಡಿ, ನಾನು ಮುಚ್ತೀನಿ. ಕಾಲುಚೀಲಾನೂ ಅಷ್ಟೇ, ಹೆಬ್ಬೆರಳ ತುದಿ ಬಿಟ್ಟಿರ್ತೀನಿ."

ದಟ್ಟಗಳ್ಳಿಯವರು ಚೀಲವನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡರು. ಆಮೇಲೆ "ಶಿವ ಒಪ್ತಾನೆ," ಎಂದರು. ಉಳಿದದ್ದು ನೂಲು. ಅದು ನನ್ನ ಇಲಾಖೆ.

ಮೊದಲು ಹಿಡಿದದ್ದು ಪಾತ್ರೆಯಮ್ಮನನ್ನು. ಹಳೇ ಬಟ್ಟೆಗೆ ಸ್ಟೀಲು ಪಾತ್ರೆ ಕೊಡುತ್ತ ಬೀದಿ ಬೀದಿ ತಿರುಗುವಾಕೆ. ನಮಗೆ ಬರುವ ಸ್ವೆಟರುಗಳಲ್ಲಿ ಅರ್ಧಕ್ಕರ್ಧ ಅವಳ ಗಂಟಿನಿಂದಲೇ. ಬೇಕಾದ್ದು ಹೀಗೆ ಹೀಗೆ, ಮಕ್ಕಳಿರುವ ಮನೆಯದು ಎಂದು ಹೇಳಿದ್ದೆ. ಮಾರನೆಯ ವಾರವೇ ಒಂದು ಬಿಳಿಯ ಸ್ವೆಟರು ತಂದು ನನ್ನ ಮಡಿಲಿಗೆ ಹಾಕಿದಳು.

"ನಾಲ್ಕ್ ಮಕ್ಳಿರೋ ಮನೇದು ಯಜಮಾನ್ರೇ. ನಾಕೂ ಗುಂಡ್ಕಲ್ಲಂಗವೆ."

"ಉಣ್ಣೇನಾ?"

"ಉಣ್ಣೆ ಅಲ್ದೆ ಮತ್ತೇನು? ಕುರಿ ಕಣ್ರೀ ಇದು. ಮುಟ್ ನೋಡಿ, ಮ್ಯಾ ಅಂತದೆ."

ಮುಟ್ಟಿದರೆ ತಿಳಿಯುವುದಿಲ್ಲ. ಒಳ ಹೊಲಿಗೆಯಿಂದ ಒಂದು ಎಳೆ ತೆಗೆದು ಬೆಂಕಿಕಡ್ಡಿ ಗೀರಬೇಕು. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬರುತ್ತದೆ, ಬೂದಿ ಬೆರಳಲ್ಲಿ ಪುಡಿಯಾಗುತ್ತದೆ. ಇದು ಉರಿದು, ಕರಗಿ, ತುದಿಯಲ್ಲಿ ಗಟ್ಟಿಯಾದ ಕಪ್ಪು ಮಣಿಯಾಯಿತು.

"ಇಂಗೆ ಕರಗೋ ಕುರೀನ ನಾನು ನೋಡಿಲ್ಲ," ಎಂದೆ.

"ಈಗಿನ ಕುರಿಗಳೇ ಅಂಗೆ, ಬುಡಿ," ಎಂದು ಅವಳು ಸ್ವೆಟರನ್ನು ಮತ್ತೆ ಗಂಟಿಗೆ ತುರುಕಿದಳು. ಅಪಮಾನವಾದದ್ದು ಅವಳಿಗಲ್ಲ, ಕುರಿಗೆ.

ಎರಡನೆಯದು ನಮ್ಮ ಬೀದಿಯಲ್ಲೇ ಸಿಕ್ಕಿತು. ಮೂವರು ಮಕ್ಕಳ ತಾಯಿಯದು, ಮಕ್ಕಳು ಒಬ್ಬೊಬ್ಬರೂ ಆರಡಿ. ತಿಳಿ ನೀಲಿ, ಬೆಣ್ಣೆಯಂಥ ಉಣ್ಣೆ, ಕಡ್ಡಿ ಗೀರಿದರೆ ಒಳ್ಳೆಯ ಸ್ಮಶಾನದ ವಾಸನೆ. ನನಗೆ ಎಷ್ಟು ಖುಷಿಯಾಯಿತೆಂದರೆ ಮೊದಲು ಮಾಡಬೇಕಾದ ಕೆಲಸವನ್ನೇ ಮರೆತೆ. ಸ್ವೆಟರನ್ನು ಒಳಮೈ ಹೊರಗೆ ಮಾಡಿ ಪಕ್ಕದ ಹೊಲಿಗೆ ನೋಡಬೇಕು. ಎರಡು ಅಂಚುಗಳನ್ನು ಸರಪಳಿಯಂಥ ಹೊಲಿಗೆಯಲ್ಲಿ ಜೋಡಿಸಿದ್ದರೆ ಅದು ಒಳ್ಳೆಯ ಮನೆತನ: ಹಿಂದು, ಮುಂದು, ತೋಳು, ಎಲ್ಲವನ್ನೂ ಬೇರೆ ಬೇರೆ ಹೆಣೆದು ಕೂಡಿಸಿದ್ದು, ನೂಲು ಒಂದೇ ಎಳೆಯಾಗಿ ಬರುತ್ತದೆ. ಅಂಚನ್ನು ಕತ್ತರಿಸಿ ಓವರ್‌ಲಾಕ್ ಹೊಡೆದಿದ್ದರೆ ಅದು ಥಾನಿನ ಬಟ್ಟೆ, ಸಾಲುಸಾಲಿಗೂ ನೂಲು ತುಂಡು. ಇದು ಓವರ್‌ಲಾಕಿನದು. ಹೊಲಿಗೆ ಬಿಚ್ಚಿ ತುದಿ ಎಳೆದೆ. ಎದೆಯ ಈ ಕಡೆಯಿಂದ ಆ ಕಡೆಗೆ ಒಂದು ಸಾಲು ಸರ್ರನೆ ಬಂದು ಕೈಯಲ್ಲೇ ಮುಗಿಯಿತು. ಇನ್ನೊಂದು ಸಾಲು, ಅದೂ ಮುಗಿಯಿತು. ಒಂದು ಗಂಟೆಯಲ್ಲಿ ನನ್ನ ಸುತ್ತ ನೀಲಿ ಶ್ಯಾವಿಗೆಯ ರಾಶಿಯಿತ್ತು, ನೂಲು ಇರಲಿಲ್ಲ.

"ತಿರುಗಿಸಿ ನೋಡ್ಲಿಲ್ವಾ?" ಎಂದಳು ಟೀಚರ್.

"ನೋಡಿದ್ದೆ."

"ಯಾವಾಗ?"

"ಈಗ."

ಮೂರನೆಯದಕ್ಕೆ ದಟ್ಟಗಳ್ಳಿಯವರೇ ದಾರಿ ತೋರಿಸಿದರು. ಮಂಡಕಳ್ಳಿಯಲ್ಲಿ ಅವರ ದೂರದ ನೆಂಟರ ಮನೆಯ ಅಜ್ಜಿ. ತೊಂಬತ್ತು ದಾಟಿದವರು, ಮಕ್ಕಳು, ಮೊಮ್ಮಕ್ಕಳು, ಮರಿಮಕ್ಕಳು ಎಲ್ಲ ಸೇರಿದರೆ ಒಂದು ಸಿಟಿ ಬಸ್ಸು. ಅಜ್ಜಿಯ ಸ್ವೆಟರು ಕೈಹೆಣಿಗೆ, ಅಪ್ಪಟ ಉಣ್ಣೆ, ಸರಪಳಿ ಹೊಲಿಗೆ. ಅಜ್ಜಿ ಸಂತೋಷವಾಗಿ ಒಪ್ಪಿದ್ದರು. ಇದಕ್ಕಿಂತ ಕೂಡಿಬಂದ ಜಾತಕ ಲೋಕದಲ್ಲಿ ಇರಲಿಕ್ಕಿಲ್ಲವೆಂದು ನಾನು ಸ್ಕೂಟರಿನಲ್ಲಿ ಅಷ್ಟು ದೂರ ಹೋದೆ. ತಲೆಯ ಮೇಲೆ ಒಂದು ವಿಮಾನವೂ ಹೋಯಿತು. ಶುಭಶಕುನವೆಂದುಕೊಂಡೆ.

ಅಜ್ಜಿಯ ಮೊಮ್ಮಗನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. "ಅಂಕಲ್, ಕೊಡೋದು ಕೊಡ್ತೀವಿ, ಕೊಳೇದು ಯಾಕೆ ಕೊಡೋದು ಅಂತ ಒಗೆದು ಇಟ್ಟಿದೀನಿ," ಎಂದಳು. ವಾಷಿಂಗ್ ಮಷೀನಿನಲ್ಲಿ, ಬಿಸಿ ನೀರಿನಲ್ಲಿ. ಉಣ್ಣೆಗೆ ಬಿಸಿ ನೀರು ಹಾಕಿ ತಿರುವಿದರೆ ಎಳೆಗಳು ಒಂದನ್ನೊಂದು ಹಿಡಿದುಕೊಂಡು ಕಂಬಳಿಯಾಗುತ್ತವೆ. ಆಮೇಲೆ ಬ್ರಹ್ಮನೂ ಬಿಡಿಸಲಾರ. ಅವಳು ಕೊಟ್ಟದ್ದು ಕಾಲೊರಸಿನಷ್ಟು ದಪ್ಪಗೆ, ಬೊಂಬೆಗೆ ಆಗುವಷ್ಟು ಚಿಕ್ಕದಾಗಿತ್ತು. ಒಳಗಿನಿಂದ ಅಜ್ಜಿ, "ಚೆನ್ನಾಗಿದ್ಯೇನಪ್ಪಾ?" ಎಂದು ಕೂಗಿದರು.

"ಬಾಳ ಚೆನ್ನಾಗಿದೆ ಅಜ್ಜಿ," ಎಂದೆ. ಅದನ್ನು ಹಣೆಗೊತ್ತಿಕೊಂಡು ತಂದೆ. ಈಗ ಅದರ ಮೇಲೆ ನಮ್ಮ ಮಿಕ್ಸಿ ಕೂತಿದೆ.

ಇಷ್ಟು ಹೊತ್ತಿಗೆ ಧನುರ್ಮಾಸ ಹತ್ತಿರ ಬಂತು. ಒಂದು ಬೆಳಿಗ್ಗೆ ದಟ್ಟಗಳ್ಳಿಯವರು ಮಗಳನ್ನೂ ಕರೆದುಕೊಂಡು ಆಟೋದಲ್ಲಿ ಬಂದರು; ಆಸ್ಪತ್ರೆಗೆ ತೋರಿಸಲು ಹೊರಟವರು ದಾರಿಯಲ್ಲಿ ಇಳಿದದ್ದು. ಮಗಳು ಜಗಲಿಯ ಕುರ್ಚಿಯಲ್ಲಿ ಕೂತಳು. ಹೆಚ್ಚು ಮಾತಾಡದ ಹುಡುಗಿ. ಎರಡೂ ಕೈಯನ್ನು ಹೊಟ್ಟೆಯ ಕೆಳಗೆ ಇಟ್ಟುಕೊಂಡಿದ್ದಳು, ತುಂಬಿದ ಪಾತ್ರೆ ಹಿಡಿದವರ ಹಾಗೆ. ನಾನು ಮಂಡಕಳ್ಳಿಯ ವೃತ್ತಾಂತ ಹೇಳಿದೆ. ದಟ್ಟಗಳ್ಳಿಯವರು ನನ್ನ ಮಾತು ಕೇಳುತ್ತಿರಲಿಲ್ಲ. ನನ್ನ ಎದೆ ನೋಡುತ್ತಿದ್ದರು.

"ಸಾರ್, ನೀವ್ ಹಾಕ್ಕೊಂಡಿರೋದು ಏನದು?"

"ಇದಾ? ಇದು ಹಳೇದಮ್ಮ."

"ನಮಗೆ ಬೇಕಾಗಿರೋದೂ ಹಳೇದೇ ಅಲ್ವಾ?"

ನಾನು ಹಾಕಿಕೊಂಡಿದ್ದು ಕೈಹೆಣಿಗೆಯ ಸ್ವೆಟರು. ಹುಟ್ಟಿದಾಗ ಹಾಲಿನ ಬಣ್ಣ, ಈಗ ಎರಡನೇ ಡಿಕಾಕ್ಷನ್ನಿನ ಕಾಫಿಯ ಬಣ್ಣ. ಸಣ್ಣ ಎಳೆಯ ಅಪ್ಪಟ ಉಣ್ಣೆ, ಸರಪಳಿ ಹೊಲಿಗೆ, ವರ್ಷವರ್ಷವೂ ಅಂಟುವಾಳದ ನೀರಿನಲ್ಲಿ ಒಗೆದದ್ದು. ಬಿಸಿ ನೀರು ಕಂಡದ್ದಲ್ಲ, ನುಸಿ ತಿಂದದ್ದಲ್ಲ. ಅವರು ಮೊದಲ ದಿನ ಷರತ್ತುಗಳನ್ನು ಹೇಳುತ್ತಿದ್ದಾಗಲೇ ಇದು ಒಂದೊಂದರಲ್ಲೂ ಪಾಸಾಗುತ್ತಿರುವುದು ನನಗೆ ಗೊತ್ತಾಗಿತ್ತು. ಒಂದನ್ನು ಬಿಟ್ಟು.

ನಮಗೆ ಮಕ್ಕಳಿಲ್ಲ. ಈ ವಿಷಯವನ್ನು ಇಲ್ಲಿ ಎತ್ತುತ್ತಿರುವುದು ಕೇವಲ ಕಸುಬಿನ ದೃಷ್ಟಿಯಿಂದ.

ಏನು ಹೇಳಬೇಕೆಂದು ನಾನು ನೂಲಿನ ಬುಟ್ಟಿಯಲ್ಲಿ ಹುಡುಕುತ್ತಿದ್ದಾಗ ಟೀಚರ್ ಕಾಫಿ ಲೋಟಗಳನ್ನು ಹಿಡಿದು ಬಂದಳು. ಹಾಜರಿ ಕೂಗುವ ದನಿಯಲ್ಲಿ, "ಅದು ಆಗಲ್ಲ ಕಣಮ್ಮ," ಎಂದಳು. "ನಮಗೆ ಮಕ್ಕಳಿಲ್ಲ."

ದಟ್ಟಗಳ್ಳಿಯವರ ಕೈ ಲೋಟದ ಹತ್ತಿರ ಹೋದದ್ದು ಅಲ್ಲೇ ನಿಂತಿತು. ಒಳ್ಳೆಯ ಹೆಂಗಸು. ಪರವಾಗಿಲ್ಲ ಎಂದು ಹೇಳಬೇಕೆಂಬ ಆಸೆ ಅವರ ಮುಖದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹೇಳಲು ಆಗದಿರುವುದೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು. ಬೀದಿಯಲ್ಲಿ ಸೊಪ್ಪಿನವನು ದಂಟು, ಮೆಂತ್ಯ, ಸಬ್ಬಸಿಗೆ ಎಂದು ಕೂಗಿಕೊಂಡು ಹೋದ.

ಮಗಳು ಕುರ್ಚಿಯಿಂದಲೇ ಕೈಚಾಚಿ ನನ್ನ ತೋಳಿನ ತುದಿ ಹಿಡಿದಳು. ಅಂಗಡಿಯಲ್ಲಿ ಬಟ್ಟೆ ನೋಡುವವರ ಹಾಗೆ ಹೆಬ್ಬೆರಳಿನಲ್ಲಿ ಉಜ್ಜಿದಳು.

"ಮೆತ್ತಗಿದೆ," ಎಂದಳು. "ಇದೇ ಆಗ್ಲಿ ಅಮ್ಮ."

"ಸುಮ್ನಿರೇ ನೀನು."

"ಎರಡು ಸಲಾನೂ ತುಂಬಿದ ಮನೆ ಬಟ್ಟೇನೇ ಹುಡುಕ್ಕೊಂಡ್ ತಂದಿದ್ದೆ ನೀನು. ಬೀರೂಲಿ ಹಂಗೇ ಇದಾವಲ್ಲ."

"ಬಿಡ್ತು ಅನ್ನು! ಬಿಡ್ತು ಅನ್ನೇ ಮೊದ್ಲು!"

"ಬಿಡ್ತು," ಎಂದಳು ಮಗಳು, ವಿಧೇಯಳಾಗಿ. ತೋಳನ್ನು ಮಾತ್ರ ಬಿಡಲಿಲ್ಲ. ಆಮೇಲೆ ಟೀಚರ್ ಕಡೆ ತಿರುಗಿ, "ನಿಮಗೆ ಬೇಜಾರಿಲ್ಲ ಅಂದ್ರೆ," ಎಂದಳು.

ಟೀಚರ್, "ಬಿಚ್ಚೋರು ಅವರು. ಅವರನ್ನೇ ಕೇಳು," ಎಂದು ನನ್ನ ಕಡೆ ಗದ್ದ ಎತ್ತಿದಳು. ದಟ್ಟಗಳ್ಳಿಯವರು ಸೆರಗಿನಿಂದ ಕಣ್ಣೊರಸಿಕೊಂಡು, "ಅವಳ ಇಷ್ಟ ಸಾರ್. ಹೊರ್ತಿರೋಳು ಅವಳು," ಎಂದರು.

ಆಗ ನಾನು ಸ್ವೆಟರು ಬಿಚ್ಚಿ ಕೊಟ್ಟೆ ಎಂದು ಬರೆದರೆ ಪುರಾಣದ ದಾನದಂತೆ ಕೇಳಿಸುತ್ತದೆ. ನಡೆದದ್ದು ಬೇರೆ. ಅರ್ಧ ಎತ್ತುವಷ್ಟರಲ್ಲಿ ಕನ್ನಡಕದ ಸಮೇತ ತಲೆ ಸಿಕ್ಕಿಹಾಕಿಕೊಂಡು, ಉಣ್ಣೆಯ ಕತ್ತಲಲ್ಲಿ ನಾನು ಎರಡೂ ಕೈ ಮೇಲೆತ್ತಿ ನಿಂತಿದ್ದೆ. ಟೀಚರ್ ಬಂದು ಎಳೆದಳು. ಹೊರಗೆ ಬಂದಾಗ ಮಗಳು ನಗುತ್ತಿದ್ದಳು. ಆ ಹುಡುಗಿ ನಕ್ಕದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು. ಅವಳ ತಾಯಿ ನೋಡಿಯೂ ಬಹಳ ದಿನವಾಗಿರಬೇಕು.

ಅವರು ಹೋದ ಮೇಲೆ ಕೆಲಸಕ್ಕೆ ಕೂತೆ. ಕತ್ತುಪಟ್ಟಿಯನ್ನು ಬಿಡಿಸಿ, ಭುಜದ ಹೊಲಿಗೆ, ತೋಳಿನ ಹೊಲಿಗೆ, ಪಕ್ಕದ ಹೊಲಿಗೆ ಕ್ರಮವಾಗಿ ಬಿಚ್ಚಿ ನಾಲ್ಕು ತುಂಡು ಮಾಡಿದೆ. ನೂರಾರು ಸ್ವೆಟರು ಬಿಚ್ಚಿದ್ದೇನೆ, ಎಲ್ಲವೂ ಅಪರಿಚಿತರವು. ಹೆಣೆದವಳು ಎದುರಿಗೆ ಕೂತು ಅವರೆಕಾಳು ಹಿಸುಕುತ್ತಿರುವಾಗ ಬಿಚ್ಚುವುದು ಅದೇ ಮೊದಲು.

ಈ ಸ್ವೆಟರು ಎಚ್.ಡಿ. ಕೋಟೆಯಿಂದಾಚೆ ಕಾಡಂಚಿನ ಒಂದು ಊರಿನಲ್ಲಿ ಹುಟ್ಟಿದ್ದು. ಮದುವೆಯಾದ ಹೊಸದರಲ್ಲಿ ಟೀಚರಿಗೆ ಅಲ್ಲಿಗೆ ಹಾಕಿದ್ದರು. ನನಗೆ ಹೂಟಗಳ್ಳಿಯ ಕಾರ್ಖಾನೆಯಲ್ಲಿ ಶಿಫ್ಟು. ಶಾಲೆಯ ಹಿಂದಿನ ಒಂದು ಕೋಣೆಯಲ್ಲಿ ಅವಳು, ನಗರದ ಒಂದು ಕೋಣೆಯಲ್ಲಿ ನಾನು, ನಡುವೆ ಶನಿವಾರ ಸಂಜೆಯ ಬಸ್ಸು. ನನಗೆ ಭಾನುವಾರ ರಜೆ ಬೀಳದ ವಾರ ಅದೂ ಇಲ್ಲ. ಸೇನೆಯಲ್ಲಿದ್ದ ಅವಳ ಅಣ್ಣ ಉತ್ತರದಿಂದ ಉಣ್ಣೆ ತಂದುಕೊಟ್ಟಿದ್ದರು. ವರ್ಗಾವಣೆಗೆ ಅರ್ಜಿ ಹಾಕುತ್ತ ಹಾಕುತ್ತ, ಕಾಯುತ್ತ ಕಾಯುತ್ತ, ಅವಳು ಇದನ್ನು ಹೆಣೆದಳು. ವರ್ಗಾವಣೆ ಬರುವಷ್ಟರಲ್ಲಿ ಸ್ವೆಟರಿನ ಮೊಣಕೈ ಸವೆದಿತ್ತು.

ಬಿಚ್ಚಿದ ನೂಲು ನೆಟ್ಟಗಿರುವುದಿಲ್ಲ. ಪ್ರತಿಯೊಂದು ಕುಣಿಕೆಯ ಗುರುತೂ ಅದರಲ್ಲಿ ಸುರುಳಿಯಾಗಿ ಉಳಿದಿರುತ್ತದೆ. ಕೈ ಬಿಗಿಯಾಗಿದ್ದರೆ ಸುರುಳಿ ಸಣ್ಣದು, ಸಡಿಲವಿದ್ದರೆ ದೊಡ್ಡದು. ಬೆನ್ನಿನ ತುಂಡು ಬಿಚ್ಚುವಾಗ ಅಂಗೈಯಗಲದಷ್ಟು ಜಾಗದಲ್ಲಿ ನೂಲು ಎಷ್ಟು ಬಿಗಿಯಾಗಿತ್ತೆಂದರೆ ಎಳೆಯಲು ಬೆರಳು ನೋಯುತ್ತಿತ್ತು.

"ಇದೇನು ಟೀಚರ್, ಇಲ್ಲಿ ಹಿಂಗೆ ಬಿಗಿದಿದೀಯ?"

ಅವಳು ಕಾಳು ಹಿಸುಕುವುದನ್ನು ನಿಲ್ಲಿಸದೆ ಬಗ್ಗಿ ನೋಡಿದಳು. "ಆ ವಾರ ನೀವು ಬಂದಿರ್ಲಿಲ್ಲ."

"ಯಾವ ವಾರ ಅಂತ ಈಗಲೂ ಗೊತ್ತಾ?"

"ಬಂದಿರೋ ವಾರಗಳು ನೆನಪಿಲ್ಲ."

ಸ್ವಲ್ಪ ಕೆಳಕ್ಕೆ ಬಂದರೆ ಕುಣಿಕೆಗಳು ಉದಾರವಾಗಿದ್ದವು. ನನಗೆ ಸಂತೋಷವಾಯಿತು. "ಇಲ್ಲಿ ನೋಡು, ಸಡಿಲ. ಇಲ್ಲಿ ಬಂದಿದ್ದೆ ಅನ್ಸತ್ತೆ."

"ಅದು ಶಾಲೆ ಇನ್ಸ್‌ಪೆಕ್ಷನ್. ದಿನಾ ನಿದ್ದೆಗಣ್ಣಲ್ಲಿ ಹಾಕಿದ್ದು. ಎಲ್ಲದಕ್ಕೂ ನೀವೇ ಕಾರಣ ಅನ್ಕೋಬೇಡಿ."

ಸಂಜೆಗೆ ನೂಲೆಲ್ಲ ಕುರ್ಚಿಯ ಬೆನ್ನಿಗೆ ಸುತ್ತಿ ಲಡಿಯಾಯಿತು. ಸಿಕ್ಕಾಗದಂತೆ ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಿದೆ. ಮುಂದಿನದು ನೀರು. ಉಗುರುಬೆಚ್ಚಗಿನ ಅಂಟುವಾಳದ ನೀರಿನಲ್ಲಿ ಮುಳುಗಿಸಿಟ್ಟು, ಹಿಂಡದೆ ಎತ್ತಿ, ನೆರಳಿನಲ್ಲಿ ನೇತುಹಾಕಿ, ಕೆಳಗೆ ತಾಮ್ರದ ಚೊಂಬು ಕಟ್ಟಬೇಕು. ಆ ಭಾರಕ್ಕೆ ಸುರುಳಿ ಬಿಟ್ಟುಹೋಗಿ ನೂಲು ನೆಟ್ಟಗಾಗುತ್ತದೆ. ಬಿಡದಿದ್ದರೆ ಹೆಣಿಗೆ ಸಮವಾಗಿ ಬರುವುದಿಲ್ಲ. ಬೇರೆಯವರ ಸ್ವೆಟರುಗಳನ್ನು ಈ ಹಂತದಲ್ಲಿ ನಾನು ಬಕೆಟ್ಟಿಗೆ ಎಸೆಯುತ್ತೇನೆ.

ಇದನ್ನು ಹಿಡಿದುಕೊಂಡು ನಿಂತೆ. ನಾನು ಬರದ ವಾರಗಳೆಲ್ಲ ಕೈಯಲ್ಲಿ ಹೂವಿನಷ್ಟು ಹಗುರವಾಗಿದ್ದವು.

"ಏನ್ ನೋಡ್ತಿದೀರಿ? ನೀರು ಆರತ್ತೆ," ಎಂದಳು ಟೀಚರ್ ಬಚ್ಚಲ ಬಾಗಿಲಲ್ಲಿ.

"ಸುರುಳಿ ಚೆನ್ನಾಗಿದೆ."

"ಚೆನ್ನಾಗಿದ್ರೆ? ಮಗು ತಲೆಗೆ ಚುಚ್ಚತ್ತೆ. ಬಿಡಿ."

ಬಿಟ್ಟೆ. ಎರಡು ದಿನ ಚೊಂಬು ನೇತಾಡಿತು. ಮೂರನೆಯ ದಿನ ಕುರ್ಚಿಯ ಮೇಲೆ ನೂಲು ಹೊಸದಾಗಿ ಬಂದವರ ಹಾಗೆ, ಯಾರ ಪರಿಚಯವೂ ಇಲ್ಲದ ಹಾಗೆ ನೆಟ್ಟಗೆ ಕೂತಿತ್ತು.

ಹೆಣಿಗೆ ಶುರುವಾಯಿತು. ಮೊಣಕೈ ಸವೆದ ಕಡೆ ನೂಲು ಕಡಿದಿತ್ತು. ಉಣ್ಣೆಗೆ ಗಂಟು ಹಾಕುವುದು ಟೀಚರಿನ ಜಾಯಮಾನವಲ್ಲ. ಎರಡು ತುದಿಗಳ ಎಳೆ ಬಿಡಿಸಿ, ಒಂದರ ಮೇಲೊಂದು ಇಟ್ಟು, ನಾಲಿಗೆಗೆ ತಾಗಿಸಿ, ಅಂಗೈಯಲ್ಲಿ ಬಿಸಿಯೇರುವ ತನಕ ಉಜ್ಜಿದರೆ ಒಂದಾಗಿ ಹೋಗುತ್ತವೆ. ಆದರೆ ಹಸುಗೂಸಿನ ಕುಲಾವಿಗೆ ಎಂಜಲು ಸಲ್ಲುವುದೇ? ಉಣ್ಣೆಗೆ ಮೈಲಿಗೆಯಿಲ್ಲವೆಂದು ನಮ್ಮ ಹಿರಿಯರು ಮಡಿಗೆ ಧಾಬಳಿ ಉಟ್ಟು ಸಾಧಿಸಿದ್ದಾರೆ. ಎಂಜಲಿನ ವಿಷಯದಲ್ಲಿ ಏನನ್ನೂ ಹೇಳಿಹೋದಂತಿಲ್ಲ. ಟೀಚರ್ ಬಟ್ಟಲಿನಲ್ಲಿ ಬಿಸಿ ನೀರು ಇಟ್ಟುಕೊಂಡಳು. ಆ ಸ್ವೆಟರಿನಲ್ಲಿ ಹಿಂದೆ ಎಷ್ಟು ಕಡೆ ನಾಲಿಗೆ ತಾಗಿಸಿದ್ದಳೋ ನಾನು ಕೇಳಲಿಲ್ಲ. ಅಷ್ಟು ವರ್ಷ ಅದನ್ನು ಹಾಕಿಕೊಂಡು ಓಡಾಡಿದವನು ನಾನೇ.

ಅಳತೆಗೆ ನಮ್ಮಲ್ಲಿ ಒಂದು ಪದ್ಧತಿಯಿದೆ. ಹುಟ್ಟಿದ ಮಗುವಿನ ತಲೆ ಹೆಚ್ಚು ಕಡಿಮೆ ಒಂದು ಸುಲಿದ ತೆಂಗಿನಕಾಯಿಯಷ್ಟಿರುತ್ತದೆ. ಟೀಚರ್ ಅಡುಗೆಮನೆಯ ಕಾಯಿಗಳಲ್ಲಿ ಚಿಕ್ಕದನ್ನು ಆರಿಸಿದಳು. ಒಂದು ವಾರದಲ್ಲಿ ಕಾಲುಚೀಲಗಳು ಹೆಬ್ಬೆರಳಿನ ತನಕ ಬಂದವು, ಕುಲಾವಿ ನೆತ್ತಿಯ ತನಕ ಬಂತು. ಅಲ್ಲಿ ಉಳಿದ ಕುಣಿಕೆಗಳನ್ನು ಕಡ್ಡಿಯಿಂದ ಜಾರಿಸಿ ಒಂದು ಹತ್ತಿ ದಾರಕ್ಕೆ ಪೋಣಿಸಿ ಬಿಟ್ಟಳು. ಕುಲಾವಿ ತೊಟ್ಟ ಕಾಯಿಯನ್ನು ಫ್ರಿಜ್ಜಿನ ಮೇಲೆ ಒಂದು ಸಿಂಬಿಯ ಮೇಲಿಟ್ಟೆವು. ಮುಚ್ಚದ ನೆತ್ತಿಯಿಂದ ಕಾಯಿಯ ಜುಟ್ಟು ಹೊರಗೆ ಬಂದಿತ್ತು.

ಆಮೇಲೆ ಕಾಯುವುದು ಬಿಟ್ಟು ಕೆಲಸವಿರಲಿಲ್ಲ. ಈ ಭಾಗದಲ್ಲಿ ತಾಂತ್ರಿಕ ವಿವರಗಳೇನೂ ಇಲ್ಲ. ಫೋನು ಬಡಿದರೆ ಇಬ್ಬರೂ ಏಳುತ್ತಿದ್ದೆವು. ಬ್ಯಾಂಕಿನವರು ಸಾಲ ಬೇಕೇ ಎಂದು ಕೇಳುತ್ತಿದ್ದರು. ನಾನು ಸ್ವೆಟರಿಲ್ಲದೆ ಸ್ನಾನದ ಟವಲು ಹೊದ್ದು ಹಾಲು ತರಲು ಹೋಗುತ್ತಿದ್ದೆ. ಒಂದು ದಿನ ಮನೆಯಲ್ಲಿ ಕಾಯಿ ಮುಗಿದು, ಚಟ್ನಿಗೆ ಏನು ಮಾಡುವುದೆಂಬ ಪ್ರಶ್ನೆ ಬಂತು. ಇಬ್ಬರೂ ಫ್ರಿಜ್ಜಿನ ಮೇಲೆ ನೋಡಿದೆವು. ಅವತ್ತು ದೋಸೆಗೆ ಉಪ್ಪಿನಕಾಯಿ ಹಾಕಿಕೊಂಡೆವು. ಇನ್ನೊಂದು ದಿನ ಮಧ್ಯಾಹ್ನ ನಾನು ಒಳಗೆ ಹೋದಾಗ ಟೀಚರ್ ಫ್ರಿಜ್ಜಿನ ಮುಂದೆ ನಿಂತಿದ್ದಳು. ಕುಲಾವಿಯ ಅಂಚು ಒಂದು ಕಡೆ ಮೇಲೆ ಸರಿದಿತ್ತೋ ಏನೋ, ಎಳೆದು ಸರಿಮಾಡಿದಳು. ಸರಿಮಾಡಿದ ಮೇಲೂ ಕೈ ತೆಗೆಯಲಿಲ್ಲ. ನಾನು ಬಂದ ಹಾಗೇ ಹೊರಗೆ ಹೋಗಿ ಬುಟ್ಟಿಯ ಉಂಡೆಗಳನ್ನು ಬಣ್ಣದ ಪ್ರಕಾರ ಜೋಡಿಸಿದೆ. ಅವು ಮೊದಲೇ ಬಣ್ಣದ ಪ್ರಕಾರ ಜೋಡಿಸಿಟ್ಟವಾಗಿದ್ದವು.

ಫೋನು ಬಂದದ್ದು ವೈಕುಂಠ ಏಕಾದಶಿಯ ಮಾರನೆಯ ದಿನ, ನಾವು ಊಟಕ್ಕೆ ಕೂತಿದ್ದಾಗ. ಟೀಚರ್ ಎಂಜಲು ಕೈಯಲ್ಲೇ ಎದ್ದು, ಎಡಗೈಯಲ್ಲಿ ಫೋನು ಹಿಡಿದಳು. ದಟ್ಟಗಳ್ಳಿಯವರ ದನಿ ನನಗೂ ಕೇಳಿಸುತ್ತಿತ್ತು.

"ಟೀಚರ್, ಹೆಣ್ಮಗು. ಸಣ್ಣದಿದೆ. ಆದ್ರೆ ಅತ್ತಳು ಟೀಚರ್! ಜೋರಾಗೇ ಅತ್ತಳು!"

ಅವರೂ ಅಳುತ್ತಿದ್ದರು. ಟೀಚರ್ "ಹ್ಞೂಂ, ಹ್ಞೂಂ," ಎಂದು ಫೋನಿಟ್ಟು, ಕೈ ತೊಳೆದು, ನಿಂತಲ್ಲೇ ಕಾಯಿಯಿಂದ ಕುಲಾವಿ ತೆಗೆದಳು. ಕುಣಿಕೆಗಳಲ್ಲಿ ನೂಲು ಪೋಣಿಸಿ ಎಳೆದಳು. ನೆತ್ತಿ ಮುಚ್ಚಿಕೊಂಡಿತು. ತುದಿಯನ್ನು ಒಳಗೆ ಸೇರಿಸಿ ಕತ್ತರಿಸುವಾಗ ಕತ್ತರಿ ಎರಡು ಸಲ ತಪ್ಪಿತು. ಕಾಲುಚೀಲಗಳನ್ನು ಆಟೋದಲ್ಲಿ ಮುಚ್ಚಿದಳು. ಆಟೋದವನಿಗೆ ಗುಂಡಿ ತಪ್ಪಿಸಲು ನಾನು ಹೇಳುತ್ತಿದ್ದೆ. ಗುಂಡಿ ಬಿಟ್ಟರೆ ರಸ್ತೆ ಎಲ್ಲಿದೆ ಎಂದು ಅವನು ಕೇಳುತ್ತಿದ್ದ.

ಆಸ್ಪತ್ರೆಯ ಮಹಡಿಯಲ್ಲಿ ದಟ್ಟಗಳ್ಳಿಯವರು ನಮ್ಮನ್ನು ಕಂಡೊಡನೆ ಓಡಿ ಬಂದರು. ಮುಖದಲ್ಲಿ ಸಂತೋಷದ ಜೊತೆ ಏನೋ ಅಪರಾಧದ ಕಳೆಯಿತ್ತು.

"ಹೊಸದೇ ಹಾಕ್ಬುಟ್ರು ಟೀಚರ್," ಎಂದರು. "ಹುಟ್ಟಿದ ತಕ್ಷಣ ನರ್ಸು ಪ್ಯಾಕೆಟ್ ಹರಿದು ಹಾಕೇಬುಟ್ಟಳು. ಕೇಳೋಕೂ ಬಿಡ್ಲಿಲ್ಲ."

ಗಾಜಿನಾಚೆ, ಬಿಸಿ ದೀಪದ ಕೆಳಗೆ, ಮಗು ಮಲಗಿತ್ತು. ತಲೆಯ ಮೇಲೆ ಪ್ಯಾಕೆಟ್ಟಿನಿಂದ ಆಗತಾನೇ ಬಂದ, ಗುಲಾಬಿ ಬಣ್ಣದ, ಹೊಚ್ಚ ಹೊಸ ಟೋಪಿ. ಕಡ್ಡಿ ಗೀರದೆಯೇ ಹೇಳಬಲ್ಲೆ, ಅಪ್ಪಟ ಅಕ್ರಿಲಿಕ್. ಮಗು ಯಾವ ಆಕ್ಷೇಪಣೆಯನ್ನೂ ಎತ್ತದೆ ನಿದ್ರಿಸುತ್ತಿತ್ತು. ಹೊರಗಿನ ಉಣ್ಣೆ ಒಳಗೆ ಬಿಡುವುದಿಲ್ಲ, ಮನೆಗೆ ಹೋದ ಮೇಲೆ ಹಾಕಿಕೊಳ್ಳಿ ಎಂದು ನರ್ಸು ಹೇಳಿದಳು. ನಮ್ಮ ಕುಲಾವಿ ದಟ್ಟಗಳ್ಳಿಯವರ ಚೀಲಕ್ಕೆ ಹೋಯಿತು. ಅವತ್ತು ಆ ಚೀಲ ಖಾಲಿಯಿರಲಿಲ್ಲ.

ಟೀಚರ್ ಗಾಜಿಗೆ ಹಣೆ ತಾಗಿಸಿ ನೋಡುತ್ತಿದ್ದಳು. ಅವಳ ಉಸಿರಿಗೆ ಗಾಜು ಮಂಜಾಗುತ್ತಿತ್ತು. ಸೆರಗಿನಿಂದ ಒರಸಿ ಮತ್ತೆ ನೋಡುತ್ತಿದ್ದಳು. ಹೊರಡುವ ಹೊತ್ತಿಗೆ, "ಕಾಯಿ ದೊಡ್ಡದಾಯ್ತು ಕಣ್ರೀ. ಇದು ಕಿತ್ತಳೆ ಹಣ್ಣಷ್ಟಿದೆ," ಎಂದಳು.

ಉಳಿದ ನೂಲು ಬಹಳವಿತ್ತು. ನನಗೇ ಒಂದು ಮಫ್ಲರ್ ಆಗಬಹುದೆಂದು ನಾನು ಲೆಕ್ಕ ಹಾಕಿದ್ದೆ. ಟೀಚರ್ ಅದರಲ್ಲಿ ಒಂದು ಪುಟ್ಟ ಸ್ವೆಟರು ಶುರುಮಾಡಿದ್ದಾಳೆ, ಬರುವ ಧನುರ್ಮಾಸಕ್ಕೆ ಆ ಮಗುವಿಗೆ ಆಗುವ ಅಳತೆಯದು. ಮುಂಚಿತವಾಗಿ ಮಾಡಿಡಬಾರದೆಂಬ ನಿಯಮ ಹುಟ್ಟಿದ ಮೇಲೆ ಅನ್ವಯಿಸುವುದಿಲ್ಲವಂತೆ.

ಸಂಕ್ರಾಂತಿ ಕಳೆದ ಮೇಲೆ ಮಗುವನ್ನು ಮನೆಗೆ ಕಳಿಸಿದರು. ನಮಗೆ ಫೋನು ಬಂತು. ಬೆಳಿಗ್ಗೆ ಬೇಗನೆ ದಟ್ಟಗಳ್ಳಿಗೆ ಹೋದೆವು. ಚಳಿಯ ಬಗ್ಗೆ ಅವತ್ತು ಭಿನ್ನಾಭಿಪ್ರಾಯವಿರಲಿಲ್ಲ. ಮಗಳು ಮಗುವನ್ನು ತಂದು ಟೀಚರಿನ ಮಡಿಲಲ್ಲಿ ಮಲಗಿಸಿ, ಗುಲಾಬಿ ಟೋಪಿ ತೆಗೆದು, "ನೀವೇ ಹಾಕಿ," ಎಂದಳು. ದಟ್ಟಗಳ್ಳಿಯವರು ಬೇಡವೆನ್ನಲಿಲ್ಲ. ಟೀಚರ್ ಹಾಕಿದಳು. ಕುಲಾವಿ ಒಂದು ಬೆರಳು ಸಡಿಲವಾಗಿತ್ತು.